ನಲವತ್ತು ಎಲ್ಲಿಂದ ಎಲ್ಲಿಗೆ?

ಆ ದಿನದ ಅಷ್ಟೂ ಅವಾಂತರಕ್ಕೆ ಕಾರಣ ಒಂದು ನೆಗಡಿ ಮಾತ್ರೆ. ಎಲ್ಲರೂ ಮಾಡುವ ಹಾಗೆ ಅದನ್ನು ಬಾಯಿಗೆ ಹಾಕಿಕೊಂಡು ಒಂದು ಲೋಟ ನೀರು ಕುಡಿದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಆದರೆ ನಮ್ಮ ನಕ್ಷೆಗಾರ ಎಲ್ಲರ ಹಾಗಲ್ಲ. ಅವನು ಅಂಗಿಯ ಜೇಬಿನಿಂದ ವರ್ನಿಯರ್ ತೆಗೆದು, ಅದರ ಎರಡು ದವಡೆಗಳ ನಡುವೆ ಮಾತ್ರೆಯನ್ನು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ಅಳತೆ ಓದತೊಡಗಿದ.

"ರೀ, ಅದು ನುಂಗೋ ಮಾತ್ರೆ, ಅಳೆಯೋದಲ್ಲ," ಎಂದಳು ಹೆಂಡತಿ ಒಲೆಯ ಮುಂದಿನಿಂದಲೇ.

"ಸುಮ್ನಿರೇ. ಇಪ್ಪತ್ತೊಂದೂವರೆ ಎಮ್ಮೆಮ್ ಇದೆ. ಡಬ್ಬದ ಮೇಲೆ ಉದ್ದ ಎಷ್ಟು ಅಂತ ಬರ್ದೇ ಇಲ್ಲ ನೋಡು, ಎಂಥಾ ಬೇಜವಾಬ್ದಾರಿ!"

"ಬರ್ದು ಏನಾಗ್ಬೇಕು? ಗಂಟಲಲ್ಲಿ ಇಳಿದ್ರೆ ಸಾಕು."

"ಹಾಗಲ್ಲ ಕಣೇ. ಇದರ ಎರಡು ಕೊನೆನೂ ಗುಂಡಗಿದೆ. ಇಂಥಾದ್ದಕ್ಕೆ ಉದ್ದ ಅಂತ ಹೇಳ್ಬೇಕಾದ್ರೆ ಎಲ್ಲಿಂದ ಎಲ್ಲಿಗೆ ಅಂತ ಹೇಳ್ಬೇಕಾಗತ್ತೆ."

"ಎಲ್ಲಿಂದ ಎಲ್ಲಿಗೆ ಅಂದ್ರೆ? ಈ ತುದಿಯಿಂದ ಆ ತುದಿಗೆ. ಹೊಟ್ಟೆಯಿಂದ ಹೊಟ್ಟೆಗೆ ಅಳೆಯೋ ಮಹಾನುಭಾವರು ಯಾರಾದ್ರೂ ಇದಾರಾ?"

ನಕ್ಷೆಗಾರನ ಮುಚ್ಚಿದ್ದ ಕಣ್ಣು ತಟ್ಟನೆ ತೆರೆಯಿತು. ಅಂಥ ಮಹಾನುಭಾವ ಒಬ್ಬನಿದ್ದ. ನಿನ್ನೆ ಸಂಜೆ ಐದೂವರೆಗೆ, ಮನೆಗೆ ಹೊರಡುವ ಗಡಿಬಿಡಿಯಲ್ಲಿ, ಹೊಟ್ಟೆಯಿಂದ ಹೊಟ್ಟೆಗೆ ಅಳೆದು ಬಂದಿದ್ದ. ಅದು ಬೇರೆ ಯಾರೂ ಅಲ್ಲ, ಅವನೇ.

ನಡೆದದ್ದು ಇಷ್ಟು. ಕಾರ್ಖಾನೆಗೆ ಅರವತ್ತು ಉಕ್ಕಿನ ಪ್ಲೇಟುಗಳ ಆರ್ಡರ್ ಬಂದಿತ್ತು. ಮೋಟರನ್ನು ಕೂರಿಸುವ ಪ್ಲೇಟು. ಬೋಲ್ಟನ್ನು ಆಚೀಚೆ ಸರಿಸಲು ಅನುಕೂಲವಾಗಲೆಂದು ಪ್ರತಿ ಪ್ಲೇಟಿನಲ್ಲೂ ಎರಡು ಉದ್ದನೆಯ ತೂತು, ಕಾರ್ಖಾನೆಯ ಮಾತಿನಲ್ಲಿ ಸ್ಲಾಟು. ನೋಡಲು ಥೇಟು ಆ ಮಾತ್ರೆಯ ಆಕಾರವೇ: ನಡುವೆ ನೇರ, ಎರಡು ಕೊನೆಗೂ ಅರ್ಧ ವೃತ್ತ. ತುದಿಯಿಂದ ತುದಿಗೆ ನಲವತ್ತು, ಅಗಲ ಹನ್ನೆರಡು ಎಂದು ಗಿರಾಕಿ ಬರೆದಿದ್ದರು. ನಕ್ಷೆಗಾರ ನಲವತ್ತು ಎಂದೇ ಬರೆದಿದ್ದ. ಆದರೆ ಬಾಣದ ಗುರುತುಗಳನ್ನು ತುದಿಗಳಿಗೆ ಮುಟ್ಟಿಸುವ ಬದಲು ಎರಡು ಅರ್ಧ ವೃತ್ತಗಳ ನಡುಬಿಂದುಗಳಿಗೆ ಮುಟ್ಟಿಸಿದ್ದ. ನಡುವಿನಿಂದ ನಡುವಿಗೆ ನಲವತ್ತು ಕೊರೆದರೆ ಆ ಕಡೆ ಆರು, ಈ ಕಡೆ ಆರು ಸೇರಿ ತೂತು ಐವತ್ತೆರಡಾಗುತ್ತದೆ. ಪ್ಲೇಟಿನ ಅಂಚಿನಲ್ಲಿ ಉಳಿಯುವುದು ಉಗುರಿನಷ್ಟು ಲೋಹ. ಬೋಲ್ಟು ಬಿಗಿದ ಮೊದಲ ದಿನವೇ ಅದು ಬಾಯಿ ಬಿಡುತ್ತದೆ. ನಡುವಿನಿಂದ ನಡುವಿಗೆ ಬರೆಯಬೇಕಾದದ್ದು ಇಪ್ಪತ್ತೆಂಟು.

ಒಂಬತ್ತು ಗಂಟೆಗೆ ಕೊರೆತ ಶುರು. ಸಂಜೆ ನಾಲ್ಕಕ್ಕೆ ಗಿರಾಕಿಯ ಕಡೆಯವರು ಪ್ಲೇಟು ನೋಡಲು ಬರುವವರು. ನಕ್ಷೆಗಾರ ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು, ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಂದು ಚಪ್ಪಲಿ ಮೆಟ್ಟಿಕೊಂಡು ಓಡಿದ.

"ಮಾತ್ರೆ ನುಂಗಿ ಹೋಗ್ರೀ!" ಎಂದು ಹೆಂಡತಿ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು, ಅವನಿಗೊಬ್ಬನಿಗೆ ಬಿಟ್ಟು.

ಓಡದೆ ಗತಿಯಿರಲಿಲ್ಲ. ಆ ವರ್ಷ ಅವನಿಂದ ಆಗಲೇ ಎರಡು ತಪ್ಪಾಗಿದ್ದವು. ಮೊದಲನೆಯದು ಒಂದು ಸಾಮಾನಿನ ಪೆಟ್ಟಿಗೆ. ಅದರ ಮುಚ್ಚಳದ ಕೀಲು ಮತ್ತು ಬೀಗ ಎರಡನ್ನೂ ಅವನು ಒಂದೇ ಬದಿಗೆ ಬರೆದಿದ್ದರಿಂದ, ಆ ಪೆಟ್ಟಿಗೆಯನ್ನು ತೆರೆಯಲು ಇವತ್ತಿಗೂ ಯಾರಿಂದಲೂ ಆಗಿಲ್ಲ. ಎರಡನೆಯದು ಒಂದು ಮೇಜು. ಕಾಲುಗಳ ಲೆಕ್ಕದಲ್ಲಿ ನಾಲ್ಕರ ಬದಲು ಮೂರು ಎಂದು ಬರೆದದ್ದು ಅಂಥ ದೊಡ್ಡ ತಪ್ಪೇನಲ್ಲ ಎಂದು ಅವನ ವಾದ. ಯಜಮಾನರು ಆ ವಾದವನ್ನು ಕೇಳಿಸಿಕೊಂಡು ತಣ್ಣಗೆ ಹೇಳಿದ್ದರು: "ಆಯ್ತು ಬಿಡಿ. ಇನ್ನೊಂದು ತಪ್ಪಾಗ್ಲಿ, ನಿಮ್ಮನ್ನ ಸ್ಟೋರ್ಸಿಗೆ ಕಳಿಸ್ತೀನಿ. ಅಲ್ಲಿ ವಾಷರ್ ಎಣಿಸ್ಕೊಂಡಿರಿ."

ಸ್ಟೋರ್ಸ್ ಎಂದರೆ ಮೆಟ್ಟಿಲ ಕೆಳಗಿನ ಕೋಣೆ. ಕಿಟಕಿ ಇಲ್ಲ. ಪಕ್ಕದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ದಿನವಿಡೀ ಗುಡುಗುತ್ತದೆ. ಅದರ ಸದ್ದನ್ನೂ ಮೀರಿ ಸ್ಟೋರ್ಸಿನ ಗುಮಾಸ್ತ ತನ್ನ ಅಜೀರ್ಣದ ಕತೆ ಹೇಳುತ್ತಾನೆ. ಅವನಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೊ. ಇತ್ತ ನಕ್ಷೆಗಾರನ ಮೇಜು ಇದ್ದದ್ದು ಮಹಡಿಯ ಮೇಲೆ, ದೊಡ್ಡ ಕಿಟಕಿಯ ಪಕ್ಕ. ಬೆಳಿಗ್ಗೆ ಎಡಗಡೆಯಿಂದ ಬೆಳಕು ಬಿದ್ದು ಬಿಳಿ ಹಾಳೆಯ ಮೇಲೆ ಹರಡುವಾಗ ಅವನಿಗೆ ತಾನೊಬ್ಬ ದೊರೆ ಅನಿಸುತ್ತಿತ್ತು. ಆರು ವರ್ಷದಿಂದ ಆ ಮೇಜೇ ಅವನ ಪ್ರಾಣ.

ಹೆಸರಿನ ಪ್ರಶ್ನೆಯೂ ಇತ್ತು. ಅರ್ಧ ಎಮ್ಮೆಮ್ ಹೆಚ್ಚುಕಮ್ಮಿ ಆದರೂ ಅವನು ಇಡೀ ಕಾರ್ಖಾನೆಗೆ ಕೇಳುವಂತೆ ಜಗಳ ತೆಗೆಯುತ್ತಿದ್ದ. ಅದಕ್ಕೇ ಕೆಳಗಿನ ಯಂತ್ರಗಳ ಹತ್ತಿರ ಅವನನ್ನು 'ಅರ್ಧ ಎಮ್ಮೆಮ್' ಎನ್ನುತ್ತಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ಕೊನೆಯ ಅಕ್ಷರ ಸವೆದು, ಬೆನ್ನ ಹಿಂದೆ ಅದು ಬರೀ 'ಅರ್ಧ ಎಮ್ಮೆ' ಆಗಿತ್ತು. ಅಂಥವನು ಹನ್ನೆರಡು ಎಮ್ಮೆಮ್ ತಪ್ಪಿದ ಎಂದು ಗೊತ್ತಾದರೆ ಪೂರ್ತಿ ಎಮ್ಮೆಯಾಗಲು ಎಷ್ಟು ಹೊತ್ತು?

ತಪ್ಪನ್ನು ಒಪ್ಪಿಕೊಂಡು ತಿದ್ದಿದರಾಯಿತಲ್ಲ ಎನ್ನಬಹುದು. ಅದು ಆ ಕಾರ್ಖಾನೆಯನ್ನು ಕಾಣದವರ ಮಾತು. ಯಜಮಾನರು ಸಹಿ ಹಾಕಿದ ನಕ್ಷೆಯ ಮೇಲೆ ನೊಣ ಕೂರಬೇಕಾದರೂ ಒಂದು ಫಾರಂ ತುಂಬಿಕೊಡಬೇಕಿತ್ತು. ಫಾರಂ ತುಂಬಿದರೆ ತಪ್ಪು ಮೂರನೆಯದಾಗಿ ದಾಖಲಾಗುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಸೀನುತ್ತ ಅವನು ಒಂದು ಉಪಾಯ ಹೂಡಿದ. ನಕ್ಷೆ ಇದ್ದದ್ದು ಎರಡೇ ಕಡೆ: ಮೂಲ ಪ್ರತಿ ಯಜಮಾನರ ಮೇಜಿನ ಗಾಜಿನ ಕೆಳಗೆ, ಅದರ ಜೆರಾಕ್ಸು ಕೆಳಗೆ ಕೊರೆಯುವ ಯಂತ್ರದ ಪಕ್ಕದಲ್ಲಿ. ಎರಡರಲ್ಲೂ ಗುಟ್ಟಾಗಿ ನಲವತ್ತನ್ನು ವೈಟ್ನರಿನಿಂದ ಅಳಿಸಿ ಇಪ್ಪತ್ತೆಂಟು ಮಾಡಿಬಿಡುವುದು. ಯಾರಾದರೂ ಗಮನಿಸಿದರೂ ಅವನ ಮೇಲೆ ಸಂಶಯ ಬರಬಾರದು. ಅವನ ಅಕ್ಷರವೋ ಮುತ್ತು ಪೋಣಿಸಿದ ಹಾಗೆ, ಕಂಡ ಕೂಡಲೇ ಗುರುತು ಸಿಗುವಂಥದ್ದು. ಆದ್ದರಿಂದ ಎಡಗೈಯಲ್ಲಿ ಬರೆಯುವುದು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅವನು ಕೆಳಗಿನ ಶೆಡ್ಡಿಗೆ ನುಗ್ಗಿದ. ಕೊರೆಯುವ ಮೇಸ್ತ್ರಿ ಚಹಾ ಕುಡಿಯಲು ಹೋಗಿದ್ದ. ಯಂತ್ರದ ಪಕ್ಕದ ಹಲಗೆಗೆ ನಕ್ಷೆ ಸಿಕ್ಕಿಸಿತ್ತು. ನಕ್ಷೆಗಾರ ಅತ್ತಿತ್ತ ನೋಡಿ ವೈಟ್ನರ್ ಬಳಿದ. ನೆಗಡಿಯಿಂದ ಮೂಗು ಕಟ್ಟಿದ್ದರಿಂದ ಅದರ ಘಾಟು ಅವನಿಗೆ ತಿಳಿಯಲಿಲ್ಲ. ಉಫ್ ಉಫ್ ಎಂದು ಊದಿ ಒಣಗಿಸಿ, ಎಡಗೈಗೆ ಪೆನ್ನು ಕೊಟ್ಟ. ಎರಡು ಎನ್ನುವುದು ಕಾಲು ಜಾರಿದ ಬಾತುಕೋಳಿಯ ಹಾಗೆ ಬಂತು. ಎಂಟು ಹೇಗೋ ನಿಂತುಕೊಂಡಿತು. ಈ ಅಕ್ಷರವನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಸೀನು ಬಂತು. ಹೆಬ್ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಉಜ್ಜಿ ಹೇಗೋ ತಡೆದುಕೊಂಡ.

"ಏನಪ್ಪಾ, ಮಹಡಿ ಬಿಟ್ಟು ಇಲ್ಲಿ ಇಳ್ದಿದೀಯಾ?"

ಮೇಸ್ತ್ರಿ ಲೋಟ ಹಿಡಿದು ಹಿಂದೆ ನಿಂತಿದ್ದ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಹುಬ್ಬು ದಪ್ಪ.

"ಏನಿಲ್ಲ ಮೇಸ್ತ್ರಿ. ಡ್ರಾಯಿಂಗ್ ಸರಿಯಾಗಿ ಕಾಣತ್ತಾ ಅಂತ ನೋಡೋಣ ಅಂತ."

ಮೇಸ್ತ್ರಿ ನಕ್ಷೆಯನ್ನು ನೋಡಿದ. ಆಮೇಲೆ ಅವನ ಮುಖ ನೋಡಿದ. ಮೂಗಿನ ಹತ್ತಿರ ಅವನ ದೃಷ್ಟಿ ಸ್ವಲ್ಪ ಹೊತ್ತು ತಂಗಿತು.

"ಕಾಣತ್ತೆ, ಕಾಣತ್ತೆ. ಚೆನ್ನಾಗೇ ಕಾಣತ್ತೆ," ಎಂದು ಯಂತ್ರ ಚಾಲೂ ಮಾಡಿದ.

ಮೆಟ್ಟಿಲಲ್ಲಿ ಗೇಜಮ್ಮ ಎದುರಾದಳು. ತಯಾರಾದ ಮಾಲನ್ನು ಅಳೆದು ಪಾಸು ಮಾಡುವವಳು ಅವಳೇ. ಕೈಯಲ್ಲಿ ಯಾವಾಗಲೂ ಒಂದು ಗೇಜು ಇರುತ್ತಿದ್ದುದರಿಂದ ಆ ಹೆಸರು. ಕಾರ್ಖಾನೆಯಲ್ಲಿ ಯಾವ ಸುದ್ದಿ ಎಷ್ಟು ಉದ್ದ, ಎಷ್ಟು ಆಳ ಎನ್ನುವ ಅಳತೆಯೂ ಅವಳ ಹತ್ತಿರವೇ ಇರುತ್ತಿತ್ತು.

"ಏನ್ ಸಾರ್, ಇವತ್ತು ಮುಖದಲ್ಲಿ ಏನೋ ಹೊಸ ಕಳೆ ಇದೆ!"

"ನೆಗಡಿ ಮೇಡಂ."

"ನೆಗಡಿಗೆ ಮೂಗು ಕೆಂಪಗಾಗೋದು ನೋಡಿದೀನಪ್ಪ," ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡು ಅವಳು ಇಳಿದು ಹೋದಳು. ಆ ಮಾತನ್ನು ಯೋಚಿಸಲು ನಕ್ಷೆಗಾರನಿಗೆ ಪುರುಸೊತ್ತಿರಲಿಲ್ಲ.

ಯಜಮಾನರ ಕೋಣೆಗೆ ನುಗ್ಗಲು ಹನ್ನೊಂದರವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಸರಿಯಾಗಿ ಯಜಮಾನರು ಮೊಬೈಲು ಹಿಡಿದು ಅಂಗಳಕ್ಕಿಳಿಯುತ್ತಾರೆ, ತಮ್ಮ ಅತ್ತಿಗೆಯ ಜೊತೆ ಮಾತಾಡಲು. ಒಳಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಅವರ ನೆಪ. ನಕ್ಷೆಗಾರ ಬೆಕ್ಕಿನ ಹೆಜ್ಜೆಯಲ್ಲಿ ಒಳಹೊಕ್ಕು, ಪೆನ್ನಿನ ಡಬ್ಬಿ, ಫೈಲುಗಳ ರಾಶಿ, ಅರ್ಧ ತಿಂದ ಬಿಸ್ಕತ್ತು ಎಲ್ಲವನ್ನೂ ಕುರ್ಚಿಯ ಮೇಲಿಟ್ಟು, ಗಾಜನ್ನು ಒಂದು ಕಡೆಯಿಂದ ಎತ್ತಿ, ಅದಕ್ಕೆ ಹೆಗಲು ಕೊಟ್ಟು ನಿಂತ. ಒಂದು ಕೈಯಲ್ಲಿ ವೈಟ್ನರ್ ಬಳಿದು, ಎಡಗೈಯಲ್ಲಿ ಬರೆದ. ಈ ಸಲದ ಬಾತುಕೋಳಿ ಮೊದಲನೆಯದಕ್ಕಿಂತ ಸ್ವಲ್ಪ ಆರೋಗ್ಯವಾಗಿತ್ತು. ಇನ್ನೇನು ಗಾಜನ್ನು ಇಳಿಸಬೇಕು, ಬಾಗಿಲು ತೆರೆಯಿತು.

"ಏನ್ರೀ ಇದು?"

ಯಜಮಾನರು! ಅತ್ತಿಗೆ ಅವತ್ತು ಫೋನು ಎತ್ತಿರಲಿಲ್ಲ.

"ಸಾರ್... ಗಾಜು ಸಾರ್. ಮಟ್ಟ ಇಲ್ಲ ಅನ್ನಿಸ್ತು. ಅರ್ಧ ಎಮ್ಮೆಮ್ ಓರೆ ಇದೆ."

"ಓರೆ ಇದೆಯಾ?"

"ಇತ್ತು ಸಾರ್. ಈಗ ಸರಿ ಹೋಯ್ತು." ಅವನು ಗಾಜನ್ನು ಇಳಿಸಿ, ಸಾಮಾನನ್ನೆಲ್ಲ ಮತ್ತೆ ಮೇಲಿಟ್ಟು, ಬಿಸ್ಕತ್ತನ್ನು ಇದ್ದ ಜಾಗದಲ್ಲೇ ಇದ್ದ ಹಾಗೇ ಇಟ್ಟ.

ಯಜಮಾನರು ಗಾಳಿಯನ್ನು ಎರಡು ಸಲ ಮೂಸಿದರು. ಮೇಜು ನೋಡಿದರು. ಅವನ ಮುಖವನ್ನೂ ಸಾವಕಾಶವಾಗಿ ನೋಡಿದರು.

"ನೆಗಡಿ ಜೋರಾಗಿದೆ ಅನ್ಸತ್ತೆ."

"ಹೌದು ಸಾರ್."

"ಹುಷಾರಾಗಿರಿ," ಎಂದು ಅವರು ಬಿಸ್ಕತ್ತು ಬಾಯಿಗೆ ಹಾಕಿಕೊಂಡರು.

ಕಿಟಕಿಯ ಪಕ್ಕದ ಮೇಜಿಗೆ ಬಂದು ಕುಳಿತಾಗ ನಕ್ಷೆಗಾರನಿಗೆ ಹೋದ ಜೀವ ಬಂದ ಹಾಗಾಯಿತು. ಎರಡೂ ಕಡೆ ಇಪ್ಪತ್ತೆಂಟು. ಮೂರನೆಯ ತಪ್ಪು ಹುಟ್ಟುವ ಮೊದಲೇ ಅಳಿಸಿ ಹೋಗಿತ್ತು. ಮಧ್ಯಾಹ್ನ ಡಬ್ಬಿಯ ಊಟವನ್ನು ಚಪ್ಪರಿಸಿಕೊಂಡು ಉಂಡ, ರುಚಿ ಗೊತ್ತಾಗದಿದ್ದರೂ.

ಎರಡು ಗಂಟೆಗೆ ಗೇಜಮ್ಮ ಮಹಡಿ ಹತ್ತಿ ಬಂದಳು. ಬಂದವಳು ಅವನ ಮೇಜಿಗೆ ಒರಗಿ, ಕಿಟಕಿಯಿಂದ ಹೊರಗೆ ನೋಡಿ, "ಎಷ್ಟು ಚೆನ್ನಾಗಿ ಗಾಳಿ ಬರತ್ತೆ ಸಾರ್ ಇಲ್ಲಿ," ಎಂದಳು. ಆ ಮಾತಿನ ಧಾಟಿಯೇ ಸರಿಯಿರಲಿಲ್ಲ.

"ಏನ್ ವಿಷಯ ಮೇಡಂ?"

"ಏನಿಲ್ಲ. ಅರವತ್ತು ಪ್ಲೇಟೂ ಕೊರ್ದಾಯ್ತು. ಅಳ್ದೆ. ಸ್ಲಾಟು ಇಪ್ಪತ್ತೆಂಟು ಇದೆ."

"ಸರಿಯಾಗೇ ಇದೆಯಲ್ಲ! ನಡುವಿಂದ ನಡುವಿಗೆ ಇಪ್ಪತ್ತೆಂಟು."

"ನಡುವಿಂದ ನಡುವಿಗಲ್ಲ ಸಾರ್. ತುದಿಯಿಂದ ತುದಿಗೆ."

ನಕ್ಷೆಗಾರ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಕೆಳಗಿಳಿದ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಪಕ್ಕದಲ್ಲಿ ಅರವತ್ತು ಪ್ಲೇಟುಗಳು, ಒಂದೊಂದರಲ್ಲೂ ಎರಡೆರಡು ಮೊಟಕು ತೂತುಗಳು ಅವನನ್ನು ಮಿಟಮಿಟನೆ ನೋಡುತ್ತಿದ್ದವು.

"ಮೇಸ್ತ್ರಿ! ಇದೇನ್ರೀ ಮಾಡಿದೀರಾ? ಡ್ರಾಯಿಂಗ್ ನೋಡಿದ್ರಾ ಇಲ್ವಾ?"

"ನೋಡ್ದೆ. ಇಪ್ಪತ್ತೆಂಟು ಅಂತಿತ್ತು. ಕೊರ್ದೆ."

"ಅದು ನಡುವಿಂದ ನಡುವಿಗೆ! ಬಾಣ ಎಲ್ಲಿಗೆ ಮುಟ್ಟಿದೆ ನೋಡಿ! ಇಗೋ..." ಎಂದು ಜೇಬಿನಿಂದ ಮಾತ್ರೆ ತೆಗೆದು ಅವನ ಮೂಗಿನ ಮುಂದೆ ಹಿಡಿದ. "ಇದು ಸ್ಲಾಟು ಅಂತ ಇಟ್ಕೊಳ್ಳಿ. ಇಲ್ಲಿಂದ ಇಲ್ಲಿಗೆ ಇಪ್ಪತ್ತೆಂಟು. ಇದರ ಮೇಲೆ ಈ ಕಡೆ ಆರು, ಆ ಕಡೆ ಆರು. ಒಟ್ಟು ನಲವತ್ತು!"

ಮೇಸ್ತ್ರಿ ಮಾತ್ರೆಯನ್ನು ಶಾಂತವಾಗಿ ನೋಡಿದ.

"ಅದು ನಂಗೂ ಗೊತ್ತಪ್ಪಾ. ಮೂವತ್ತೈದು ವರ್ಷದಿಂದ ಕೊರೀತಿದೀನಿ. ಆದ್ರೆ ಅದು ಬೇರೆಯವ್ರ ಡ್ರಾಯಿಂಗಿಗೆ."

"ಅಂದ್ರೆ?"

"ನೀನು ಯಾವತ್ತು ಬಾಣನ ಸರಿಯಾದ ಜಾಗಕ್ಕೆ ಮುಟ್ಸಿದೀಯಾ ಹೇಳು? ನೀನು ಬಂದ ಮೊದಲ್ನೇ ವಾರದಿಂದ ನೋಡ್ತಿದೀನಿ. ತುದಿಯಿಂದ ತುದಿಗೆ ಇರೋ ಅಳತೆ ತಗೊಂಡು ನಡುವಿಂದ ನಡುವಿಗೆ ಬಾಣ ಹಾಕ್ತೀಯಾ. ಹೇಳಿದ್ರೆ ನೀನು ಜಗಳಕ್ಕೆ ಬರ್ತೀಯಾ. ಯಾಕೆ ಬೇಕು ಅಂತ, ನಿನ್ನ ಡ್ರಾಯಿಂಗ್ ಬಂದ್ರೆ ಅಗಲ ಎಷ್ಟಿದೆಯೋ ಅಷ್ಟು ಕಳ್ದುಬಿಟ್ಟು ಕೊರೀತೀನಿ. ಆರು ವರ್ಷದಿಂದ ಎಲ್ಲಾ ಸರಿಯಾಗೇ ಬರ್ತಿದೆ. ಇವತ್ತೂ ಹನ್ನೆರಡು ಕಳ್ದೆ."

ನಕ್ಷೆಗಾರ ಮಾತ್ರೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ನಿನ್ನೆಯ ಗಡಿಬಿಡಿಯಲ್ಲಿ ಆದ ಒಂದು ತಪ್ಪು ಎಂದುಕೊಂಡಿದ್ದ. ಆರು ವರ್ಷ! ಅರ್ಧ ಎಮ್ಮೆಮ್‌ಗೆ ಜಗಳವಾಡಿದ ಆರು ವರ್ಷವೂ ಅವನು ಬರೆದ ಒಂದೊಂದು ಸ್ಲಾಟೂ ತಪ್ಪು. ಅದನ್ನು ಈ ಮುದುಕ ಬಾಯಿ ಬಿಡದೆ ಕಳೆಯುತ್ತ ಬಂದಿದ್ದಾನೆ. ಇವತ್ತು, ಜೀವಮಾನದಲ್ಲಿ ಮೊದಲ ಸಲ, ಅವನು ಸರಿಯಾಗಿ ಬರೆದಿದ್ದ. ಅದಕ್ಕೇ ಅರವತ್ತು ಪ್ಲೇಟು ಹಾಳಾಗಿದ್ದವು. ಅವನಿಗೆ ನಾಚಿಕೆಯಿಂದ ಅಳು ಬರುವ ಹಾಗಾಯಿತು, ಬಂದದ್ದು ಸೀನು.

"ತಿದ್ದಿದ್ದು ನಾನೇ ಮೇಸ್ತ್ರಿ," ಎಂದ ಸಣ್ಣ ದನಿಯಲ್ಲಿ.

"ಅದೂ ಗೊತ್ತು," ಎಂದ ಮೇಸ್ತ್ರಿ, ಮತ್ತೆ ಅವನ ಮೂಗನ್ನೇ ನೋಡುತ್ತ. "ತಿದ್ದಿದ್ರೂ ಬಾಣದ ಚಾಳಿ ಬಿಟ್ಟಿರಲ್ಲ ಅಂದ್ಕೊಂಡೆ. ಹೋಗ್ಲಿ ಬಿಡು. ತೂತು ಚಿಕ್ಕದಾಗಿದೆ ತಾನೇ? ಇನ್ನಷ್ಟು ಕೊರೀಬಹುದು. ದೊಡ್ಡದಾಗಿದ್ರೆ ಅಳ್ಬೇಕಾಗಿತ್ತು. ಐದೈದು ಪ್ಲೇಟು ಒಟ್ಟಿಗೆ ಬಿಗಿದ್ರೆ ನಾಲ್ಕು ಗಂಟೆಗೆ ಮುಗಿಯತ್ತೆ. ಆದ್ರೆ ಕೊರೆಯೋವಾಗ ಬಿಸಿ ಆರಿಸೋ ಎಣ್ಣೆನೀರಿನ ಪೈಪು ಈಗಷ್ಟೇ ಕಟ್ಕೊಂಡಿದೆ. ಬಕೆಟ್ ಹಿಡ್ಕೋ, ಲೋಟದಲ್ಲಿ ಹುಯ್ತಾ ಇರು."

"ನಾನು ಯಾರಿಗೂ ಹೇಳಲ್ಲ ಸಾರ್," ಎಂದಳು ಗೇಜಮ್ಮ ಹಿಂದಿನಿಂದ. ಐದು ನಿಮಿಷದಲ್ಲಿ ಬೆಸುಗೆಯವರು, ಬಣ್ಣದವರು, ಚಹಾ ತರುವವರು ಎಲ್ಲರೂ ಯಂತ್ರದ ಸುತ್ತ ನೆರೆದು, ಒಬ್ಬೊಬ್ಬರು ಒಂದೊಂದು ಸಲಹೆ ಕೊಡತೊಡಗಿದರು. ಸ್ಟೋರ್ಸಿನ ರೇಡಿಯೊ ಕೂಡ ಬಂದು, ಹೊಟ್ಟೆ ಖಾಲಿ ಬಿಟ್ಟುಕೊಂಡು ಕೆಲಸ ಮಾಡಿದರೆ ಹೀಗೇ ಆಗುವುದು ಎಂದು ತೀರ್ಪು ಕೊಟ್ಟ.

ಎರಡು ಗಂಟೆ ಕಾಲ ನಕ್ಷೆಗಾರ ಬಗ್ಗಿ ನಿಂತು, ಹಾಲಿನ ಹಾಗೆ ಬೆಳ್ಳಗಿದ್ದ ಎಣ್ಣೆನೀರನ್ನು ಲೋಟ ಲೋಟವಾಗಿ ಹುಯ್ದ. ಅರ್ಧ ಯಂತ್ರಕ್ಕೆ, ಅರ್ಧ ಅವನ ಅಂಗಿಗೆ. ಜೇಬಿನಲ್ಲಿದ್ದ ಮಾತ್ರೆ ಕರಗಿ ಎದೆಯ ಮೇಲೆ ಕೆಂಪು ಕಲೆಯೊಂದು ಹರಡಿತು. ಕೊನೆಯ ಪ್ಲೇಟು ಯಂತ್ರದಿಂದ ಇಳಿದಾಗ ನಾಲ್ಕಕ್ಕೆ ಮೂರು ನಿಮಿಷ. ಗೇಜಮ್ಮ ಅಳೆದಳು. ನಲವತ್ತು, ತುದಿಯಿಂದ ತುದಿಗೆ. ನಕ್ಷೆಗಾರ ಬಕೆಟ್ಟಿನ ಮೇಲೇ ಕುಳಿತುಬಿಟ್ಟ.

ಗಿರಾಕಿಯ ಕಡೆಯಿಂದ ಬಂದವಳು ಚುರುಕು ಕಣ್ಣಿನ ಎಂಜಿನಿಯರ್ ಹುಡುಗಿ. ಹತ್ತು ಪ್ಲೇಟನ್ನು ತಾನೇ ಆರಿಸಿ ಅಳೆದು, ಸರಿಯಿದೆ ಎಂದು ತಲೆಯಾಡಿಸಿದಳು. ಆಮೇಲೆ ಹಲಗೆಗೆ ಸಿಕ್ಕಿಸಿದ್ದ ನಕ್ಷೆಯನ್ನು ಕಂಡು ಹತ್ತಿರ ಹೋದಳು. ಬಗ್ಗಿ ನೋಡಿದಳು. ಯಜಮಾನರು, ಮೇಸ್ತ್ರಿ, ಗೇಜಮ್ಮ ಎಲ್ಲರೂ ಉಸಿರು ಬಿಗಿಹಿಡಿದರು.

"ಇದನ್ನ ಯಾರೋ ತಿದ್ದಿದಾರೆ," ಎಂದಳು.

ಉಗುರಿನಿಂದ ವೈಟ್ನರಿನ ಅಂಚನ್ನು ಕೆರೆದು ನೋಡಿದಳು.

"ನಲವತ್ತು ಇದ್ದದ್ದನ್ನ ಇಪ್ಪತ್ತೆಂಟು ಮಾಡಿದಾರೆ. ಸಾರ್, ನಿಮ್ಮ ಆರು ವರ್ಷದ ಡ್ರಾಯಿಂಗೆಲ್ಲಾ ನಮ್ಮ ಆಫೀಸಲ್ಲಿ ಇದಾವೆ. ಎಲ್ಲದ್ರಲ್ಲೂ ಸ್ಲಾಟು ತಪ್ಪು. ಮಾಲು ಮಾತ್ರ ಸರಿಯಾಗಿ ಬರ್ತಿತ್ತು, ಅದಕ್ಕೆ ಸುಮ್ನೆ ನಕ್ಕು ಫೈಲ್ ಮಾಡ್ತಿದ್ವಿ. ಮೊದಲ್ನೇ ಸಲ ಒಂದು ಡ್ರಾಯಿಂಗ್ ಸರಿಯಾಗಿದೆ. ತಿದ್ದಿದವ್ರು ಯಾರು? ಕೆಲ್ಸ ಗೊತ್ತಿರೋರು."

ನಕ್ಷೆಗಾರನ ಎದೆ ಉಬ್ಬಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಒಂದೇ ಗಳಿಗೆಯಲ್ಲಿ ಸಾರ್ಥಕವಾದ ಹಾಗೆನಿಸಿತು. ಅವನು ಬಕೆಟ್ಟಿನಿಂದ ಎದ್ದು ಒಂದು ಹೆಜ್ಜೆ ಮುಂದಿಟ್ಟು, "ಅದು ನಾ..." ಎಂದು ಬಾಯಿ ತೆರೆದ. ತೆರೆದ ಬಾಯಿಯಿಂದ ಮಾತಿನ ಬದಲು ಶೆಡ್ಡು ನಡುಗುವಂಥ ಸೀನು ಬಂತು.

"ನಾನೇ," ಎಂದರು ಯಜಮಾನರು.

ಎಲ್ಲರೂ ಅವರತ್ತ ತಿರುಗಿದರು.

"ಬೆಳಿಗ್ಗೆ ಕಣ್ಣಿಗೆ ಬಿತ್ತು. ತಿದ್ದಿದೆ. ನೋಡಿ, ನನ್ನ ಅಕ್ಷರ ತಾನೇ?" ಎಂದು ಜೇಬಿನಿಂದ ತಮ್ಮ ಡೈರಿ ತೆಗೆದು ತೋರಿಸಿದರು. ಅದರ ತುಂಬ ಕಾಲು ಜಾರಿದ ಬಾತುಕೋಳಿಗಳು ಸಾಲಾಗಿ ಹೊರಟಿದ್ದವು. ಆ ಅಕ್ಷರವನ್ನು ಎಲ್ಲಿ ನೋಡಿದ್ದೆನೆಂದು ನಕ್ಷೆಗಾರನಿಗೆ ಆಗ ಹೊಳೆಯಿತು. ಆರು ವರ್ಷದಿಂದ ಅವನ ನಕ್ಷೆಗಳ ಮೂಲೆಯಲ್ಲಿ ಯಜಮಾನರು ತಾರೀಕು ಹಾಕುತ್ತಿದ್ದದ್ದು ಹೀಗೇ.

"ಹಾಗಾದ್ರೆ ತಪ್ಪು ಬರೆದವ್ರು?"

ಯಜಮಾನರು ನಕ್ಷೆಗಾರನ ಕಡೆ ಬೆರಳು ಮಾಡಿದರು. "ಇವ್ರು. ಮೂರನೇ ಸಲ ಇದು. ಇವತ್ತಿಂದ ಸ್ಟೋರ್ಸಿಗೆ ಹಾಕಿದೀನಿ."

"ಒಳ್ಳೇದಾಯ್ತು," ಎಂದಳು ಹುಡುಗಿ ಚೀಲ ಎತ್ತಿಕೊಳ್ಳುತ್ತ. "ಮುಂದಿನ ವಾರ ಇನ್ನೂರು ಪ್ಲೇಟಿನ ಆರ್ಡರ್ ಕಳಿಸ್ತೀನಿ, ಏಳು ಥರದ ಸ್ಲಾಟು ಇದೆ. ಎಲ್ಲಾ ಡ್ರಾಯಿಂಗೂ ನೀವೇ ಮಾಡ್ಬೇಕು ಸಾರ್. ಈ ಅಕ್ಷರ ಇದ್ರೆ ಮಾತ್ರ ನಾನು ಒಪ್ಕೊಳ್ಳೋದು."

ಯಜಮಾನರು ನಕ್ಕರು. ಆದರೆ ಆ ನಗು ಮುಖದಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ತಡವರಿಸಿದ್ದನ್ನು ಗೇಜಮ್ಮ ಗಮನಿಸಿದಳು.

ಐದು ಗಂಟೆಗೆ ನಕ್ಷೆಗಾರ ತನ್ನ ಸ್ಕೇಲು, ಪೆನ್ಸಿಲು, ಚಹಾ ಲೋಟಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಇಳಿದ. ಅವನು ಇಳಿಯುವ ಮೊದಲೇ ಗೇಜಮ್ಮನ ಚೀಲ ಕಿಟಕಿ ಪಕ್ಕದ ಮೇಜಿನ ಮೇಲೆ ಬಂದು ಕುಳಿತಿತ್ತು. ಕೆಳಗೆ ರೇಡಿಯೊ ಅವನನ್ನು ಅಕ್ಕರೆಯಿಂದ ಬರಮಾಡಿಕೊಂಡು, ಹನ್ನೊಂದು ಪೆಟ್ಟಿಗೆ ವಾಷರ್ ಮುಂದಿಟ್ಟು, ಹೊಟ್ಟೆಯುಬ್ಬರ ಶುರುವಾದ ವರ್ಷದಿಂದ ಕತೆ ತೆಗೆದು, ಅರ್ಧಕ್ಕೇ ಬಿಟ್ಟು ಮನೆಗೆ ಹೊರಟ. ಉಳಿದದ್ದು ನಾಳೆಗೆ ಎಂದ.

ಮೇಸ್ತ್ರಿ ಬಾಗಿಲಲ್ಲಿ ತಲೆ ಹಾಕಿದ. ಅವನಿಗೂ ಕೆಟ್ಟದೆನಿಸಿತ್ತು, ಆದರೆ ಅದನ್ನು ಹೇಳಿ ಅಭ್ಯಾಸವಿರಲಿಲ್ಲ.

"ಅಲ್ಲಪ್ಪಾ, ಇನ್ಮೇಲೆ ಯಜಮಾನ್ರೇ ಬರೀತಾರಂತೆ. ಅವ್ರದ್ದಕ್ಕೆ ನಾನು ಕಳೀಲಾ, ಕೂಡ್ಲಾ?"

ನಕ್ಷೆಗಾರ ಒಂದು ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡ. ವಾಷರುಗಳನ್ನು ಎಣಿಸತೊಡಗಿದ. ನೂರಾ ನಲವತ್ತಕ್ಕೆ ಬಂದಾಗ ಮತ್ತೆ ಹೆಜ್ಜೆಯ ಸದ್ದಾಯಿತು. ಈ ಸಲ ಬಂದವರು ಯಜಮಾನರು. ಒಳಗೆ ಬಂದು, ಬಾಗಿಲು ಹಾಕಿ, ಮೊಳೆಯ ಡಬ್ಬದ ಮೇಲೆ ಕುಳಿತರು. ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಳೆಯಿತ್ತು.

ನಕ್ಷೆಗಾರ ಧೈರ್ಯ ತಂದುಕೊಂಡ. "ಸಾರ್, ಅದನ್ನ ತಿದ್ದಿದ್ದು ನೀವಲ್ಲ. ನಾನು."

"ಗೊತ್ತು."

"ಗೊತ್ತಾ?"

"ಹನ್ನೊಂದು ಗಂಟೆಯಿಂದ ಗೊತ್ತು. ಮೊದ್ಲು ಆ ಮೂಗು ಒರೆಸ್ಕೊಳ್ಳಿ, ವೈಟ್ನರ್ ಹತ್ಕೊಂಡಿದೆ."

ನಕ್ಷೆಗಾರ ಮೂಗು ಮುಟ್ಟಿದ. ಬೆಳಗಿನಿಂದ ಅಲ್ಲಿ ಒಣಗಿ ಕುಳಿತಿದ್ದ ಬಿಳಿಯ ಹಕ್ಕಳೆ ವಾಷರುಗಳ ಮೇಲೆ ಉದುರಿತು. ಮೇಸ್ತ್ರಿಯ ನೋಟ, ಗೇಜಮ್ಮನ ನಗು, ಎಲ್ಲವೂ ಒಟ್ಟಿಗೆ ಅರ್ಥವಾಗಿ ಕಿವಿ ಬಿಸಿಯಾಯಿತು.

"ಮತ್ತೆ ಸಾರ್, ನೀವು ಯಾಕೆ..."

"ಸಹಿ ಹಾಕಿದ ಡ್ರಾಯಿಂಗನ್ನ ನನ್ನ ಆಫೀಸಲ್ಲೇ ಕದ್ದು ತಿದ್ತಾರೆ ಅಂತ ಆ ಹುಡುಗಿ ಮುಂದೆ ಹೇಳ್ಬೇಕಿತ್ತೇನ್ರೀ? ನೀವು ತಿದ್ದಿದ್ದು ಅಂತ ಒಪ್ಕೊಂಡಿದ್ರೆ ನಿಮ್ಮನ್ನ ಮನೆಗೇ ಕಳಿಸ್ಬೇಕಾಗ್ತಿತ್ತು. ನಾನು ತಿದ್ದಿದೆ ಅಂದಿದ್ದಕ್ಕೆ ಬರೀ ಸ್ಟೋರ್ಸು. ಉಳಿಸಿದೀನಿ ನಿಮ್ಮನ್ನ."

ಹಾಗೂ ಇರಬಹುದು ಎಂದು ನಕ್ಷೆಗಾರನಿಗೆ ಅನ್ನಿಸಿತು. ಯಜಮಾನರು ಹಾಳೆಯ ಸುರುಳಿ ಬಿಚ್ಚಿ ವಾಷರ್ ಪೆಟ್ಟಿಗೆಗಳ ಮೇಲೆ ಹರಡಿದರು. ಖಾಲಿ ಹಾಳೆ. ಪಕ್ಕದಲ್ಲಿ ಇನ್ನೂರು ಪ್ಲೇಟಿನ ಅಳತೆಗಳ ಚೀಟಿ. ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಈ ಸ್ಲಾಟು... ಅದು ನಡುವಿಂದಾನೋ, ತುದಿಯಿಂದಾನೋ... ನಂಗೆ ಅದೆಲ್ಲಾ ಅಷ್ಟಾಗಿ ಗೊತ್ತಾಗಲ್ಲ. ಇಲ್ಲಿ ಕೂತ್ಕೊಂಡೇ ನೀವು ಬರ್ದುಕೊಟ್ರೆ ಆಯ್ತು. ಯಾರಿಗೂ ಗೊತ್ತಾಗಲ್ಲ."

ನಕ್ಷೆಗಾರನ ಮುಖ ಅರಳಿತು. ನಕ್ಷೆ! ಕಿಟಕಿ ಹೋದರೇನು, ಕೆಲಸ ಉಳಿಯಿತಲ್ಲ. ಆರು ವರ್ಷದ ತಪ್ಪನ್ನೆಲ್ಲ ಒಂದೇ ಹಾಳೆಯಲ್ಲಿ ತೊಳೆದುಬಿಡುತ್ತೇನೆ ಎಂದುಕೊಂಡು, ಪೆನ್ಸಿಲನ್ನು ಚೂಪು ಮಾಡಿ, ಮುತ್ತು ಪೋಣಿಸುವ ತನ್ನ ಬಲಗೈಯನ್ನು ಹಾಳೆಯ ಮೇಲೆ ಇಟ್ಟ.

ಯಜಮಾನರು ಆ ಕೈಯನ್ನು ಹಿಡಿದುಕೊಂಡರು. ಮೆಲ್ಲಗೆ ಪೆನ್ಸಿಲು ಬಿಡಿಸಿ ಇನ್ನೊಂದು ಕೈಗೆ ಕೊಟ್ಟರು.

"ಎಡಗೈ," ಎಂದರು. "ನನ್ನ ಅಕ್ಷರ ಬರ್ಬೇಕಲ್ಲ."

"ಮತ್ತೆ ಬಲಗೈ ಸಾರ್?"

ಯಜಮಾನರು ಎದ್ದು ನಿಂತು, ಹನ್ನೊಂದು ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದರು.

"ಅದು ಖಾಲಿ ಇದೆಯಲ್ಲ. ವಾಷರ್ ಎಣಿಸಿ."